ಐದು ಜನರ ಆರ್ಡರ್

"ನಿಮಗೆ ಎಂತ ಬೇಕು?" ಕೈಗೆ ಡ್ರಿಪ್ ಹಾಕಿಸಿಕೊಂಡು ಕುಳಿತಿದ್ದ ಹಿರಿಯರೊಬ್ಬರು ಕೇಳಿದಾಗ ತಬ್ಬಿಬ್ಬಾದೆ. ಅಲ್ಝೈಮರ್ಸ್ ಈಗಷ್ಟೇ ಶುರುವಾದ ಅಮ್ಮನನ್ನು ಹೊಸ ಆ್ಯಂಟಿಬಾಡಿ ಔಷಧಕ್ಕೆಂದು ಮುಂಬೈಯ ಮಲಾಡ್‌ನ ಆಸ್ಪತ್ರೆಗೆ ಕರೆದೊಯ್ದಿದ್ದೆ. ಆ ಹಿರಿಯರಿಗೂ ಅದೇ ಕಾಯಿಲೆ, ಅದೇ ಔಷಧ. ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ಸಪ್ಲಾಯರ್ ಆಗಿದ್ದವರಂತೆ. ಕೋಣೆಯಲ್ಲಿದ್ದ ಐವರ ಆರ್ಡರನ್ನೂ ಬಾಯಲ್ಲೇ ಕೇಳಿಕೊಂಡರು. ಅವರ ಹೆಂಡತಿ ಮಾತ್ರ ಚೀಟಿಯಲ್ಲಿ ಬರೆದಿಟ್ಟುಕೊಂಡರು.

ಡ್ರಿಪ್ ಮುಗಿದ ಮೇಲೆ ಕ್ಯಾಂಟೀನಿಗೆ ಫೋನ್ ಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಹೆಂಡತಿ ಚೀಟಿ ನೋಡಿ, "ನಾಲ್ಕು ಸರಿ, ಒಂದು ತಪ್ಪಿತು" ಎಂದರು.

"ಹೋದ ತಿಂಗಳೂ ನಾಲ್ಕೇ ಅಲ್ವಾ? ಕಮ್ಮಿ ಆಗ್ಲಿಲ್ಲ ನೋಡು" ಎಂದು ಅವರು ನಕ್ಕರು.

ಹೋದದ್ದು ಮರಳುವುದಿಲ್ಲ, ಹೋಗುವುದು ನಿಧಾನವಾಗಬಹುದು ಎಂದು ಡಾಕ್ಟರ್ ಹೇಳಿದ್ದರ ಅರ್ಥ ಆಗ ತಿಳಿಯಿತು. ತಪ್ಪಿದ್ದು ನನ್ನ ಸಕ್ಕರೆಯಿಲ್ಲದ ಚಹಾ. ಬಂದ ಸಿಹಿ ಚಹಾವನ್ನೇ ತೀರ್ಥದಂತೆ ಕುಡಿದೆ.