ನುಂಗಿದ ಪಾಸ್‌ವರ್ಡ್

ಗೆಳೆಯರೇ, ತಪ್ಪೊಪ್ಪಿಕೊಳ್ಳುತ್ತೇನೆ: ಇವತ್ತು ನಾನು ಬ್ಯಾಂಕಿನ ಸೊತ್ತು ತಿಂದಿದ್ದೇನೆ. ಹಣವಲ್ಲ, ಒಂದು ಚೀಟಿ. ನಮ್ಮ ಕಲ್ಯಾಣಪುರ ಶಾಖೆಗೆ ಹೊಸದಾಗಿ ಬಂದ ಕಂಪ್ಯೂಟರಿನ ಪಾಸ್‌ವರ್ಡ್ ಅದರಲ್ಲಿತ್ತು. ಅದನ್ನು ಎಲ್ಲೂ ಬರೆದಿಡಬಾರದೆಂದು ಹೆಡ್ಡಾಫೀಸಿನ ಆಜ್ಞೆ. ಅಲ್ಲಿಂದಲೇ ತಪಾಸಣೆಗೆಂದು ಇನ್‌ಸ್ಪೆಕ್ಟರ್ ಒಳಗೆ ಬರುವುದು ಕಂಡು ಚೀಟಿಯನ್ನು ಬಾಯಿಗೆ ಹಾಕಿಕೊಂಡೆ.

"ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತುಂಟು?" ಎಂದರು.

"ನನ್ನ ಹೆಂಡತಿಗೂ ಗೊತ್ತಿಲ್ಲ ಸರ್!" ಎಂದೆ, ನುಂಗಿ.

ಆಮೇಲೆ ನೋಡಿದರೆ ನನಗೂ ಗೊತ್ತಿಲ್ಲ. ತಲೆಯಲ್ಲಿ ಇರಬೇಕಾದದ್ದು ಹೊಟ್ಟೆಯಲ್ಲಿತ್ತು.

ಕೌಂಟರಿನಲ್ಲಿ ಸಿಸಿಲಿಯಾ ಬಾಯಿ ನಿಂತಿದ್ದರು. ಗಂಡನಿಗೆ ಮಣಿಪಾಲದಲ್ಲಿ ಇವತ್ತೇ ಆಪರೇಷನ್. ಕಂಪ್ಯೂಟರ್ ತೆರೆಯದೆ ಹಣ ಕೊಡುವಂತಿಲ್ಲ. ಕೌಂಟರಿನ ಹಿಂದೆಯೇ ಇರುವ ಕಂಪ್ಯೂಟರ್ ಕೋಣೆಯಲ್ಲಿ ನಾನು ಎರಡು ಸಲ ತಪ್ಪು ಒತ್ತಿದೆ. ಅವರ ಕಣ್ಣು ತುಂಬಿತು.

"ಎಂತ ಮಾರಾಯ್ರೆ, ನಾವು ಬಂದಾಗೆಲ್ಲ ನೀವು ಗಟ್ಟಿಯಾಗಿ ಓದಿಕೊಂಡೇ ಒತ್ತುವುದಲ್ವಾ? ಕೆ, ಏಳು, ಎಂ, ಎರಡು..." ಎಂದರು ಅವರೇ, ಕಣ್ಣೊರೆಸಿಕೊಂಡು.

"ಕಡೆಗೊಂದು ಕ್ಯೂ!" ಎಂದಿತು ಹಿಂದಿದ್ದ ಕ್ಯೂ.

ಕಂಪ್ಯೂಟರ್ ತೆರೆಯಿತು. ಸಿಸಿಲಿಯಾ ಬಾಯಿ ಹಣ ಹಿಡಿದು ಬಸ್ಸಿಗೆ ಓಡಿದರು. ಇನ್‌ಸ್ಪೆಕ್ಟರ್ ನನ್ನಿಂದ ಕಂಪ್ಯೂಟರ್ ಕೋಣೆಯ ಬೀಗದಕೈ ತೆಗೆದುಕೊಂಡು, "ನಾಳೆಯಿಂದ ನೀವು ಟೋಕನ್ ಕೊಡಿ, ಸಾಕು" ಎಂದರು.

ಧೂಳು ತಾಗಬಾರದೆಂದು ಆ ಕೋಣೆಯ ಹೊರಗೆ ಎಲ್ಲರ ಚಪ್ಪಲಿ ಬಿಡಿಸುತ್ತಿದ್ದವನು ನಾನು. ಈಗ ನನ್ನ ಚಪ್ಪಲಿಯ ಜೊತೆ ನಾನೂ ಹೊರಗೆ.

ಆದರೂ ಇನ್‌ಸ್ಪೆಕ್ಟರ್ ಮುಂದೆ ಕೊಚ್ಚಿಕೊಂಡದ್ದು ಸುಳ್ಳಲ್ಲ. ಹೆಂಡತಿಗೆ ಪಾಸ್‌ವರ್ಡ್ ನಿಜವಾಗಿ ಗೊತ್ತಿಲ್ಲ. ಈ ಊರಿನಲ್ಲಿ ನಮ್ಮ ಬ್ಯಾಂಕಿಗೆ ಬಾರದವಳು ಅವಳೊಬ್ಬಳೇ.