ನನ್ನ ವೀಸಾ ತಡೆದ ಟೈಪಿಂಗ್ ಮೇಷ್ಟ್ರು

ಟೈಪಿಂಗ್ ಮೇಷ್ಟ್ರ ಬಾಯಲ್ಲಿ ಯಾವಾಗಲೂ ಒಂದು ಪೆನ್ನಿನ ಕ್ಯಾಪು ಇರುತ್ತಿತ್ತು. ಎಡಗಡೆಯ ಹಲ್ಲಿನಲ್ಲಿ ಅದನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು. ತುಟಿಗೆ ತುಟಿ ಕೂಡುತ್ತಿರಲಿಲ್ಲವಾಗಿ ಅವರು ‘ಬಾ’ ಎಂದರೆ ‘ವಾ’ ಎಂದು ಕೇಳಿಸುತ್ತಿತ್ತು. ಹೊಸಬರು ‘ಏನಂದ್ರಿ ಸಾ?’ ಎಂದು ಎರಡು ಸಲ ಕೇಳಿದರೆ ಸಿಟ್ಟು ಬರುತ್ತಿತ್ತು. ಹೇಳಿದ್ದನ್ನೇ ಇನ್ನೂ ಜೋರಾಗಿ ಹೇಳುತ್ತಿದ್ದರೇ ಹೊರತು ಕ್ಯಾಪು ಮಾತ್ರ ತೆಗೆಯುತ್ತಿರಲಿಲ್ಲ. ಇಂಥ ಮನುಷ್ಯನ ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು ಹೆಚ್ಚುಕಡಿಮೆ ಏಳು ತಿಂಗಳು ಕೂತು ಎದ್ದಿದ್ದೇನೆ.

ತಿ. ನರಸೀಪುರದಲ್ಲಿ ತಾಲ್ಲೂಕು ಕಚೇರಿಯ ಎದುರಿಗೆ ಅವರ ಕೋಣೆ. ಒಂದು ಕಾಲಕ್ಕೆ ಅಲ್ಲಿ ಟೈಪಿಂಗ್ ಕಲಿಸುತ್ತಿದ್ದರಂತೆ. ಕಲಿಯುವವರು ನಿಂತುಹೋದ ಮೇಲೂ ಮೇಷ್ಟ್ರು ಎಂಬ ಹೆಸರು ಉಳಿದುಕೊಂಡಿತ್ತು. ಈಗ ಒಂದು ಹಳೆಯ ಕಂಪ್ಯೂಟರಿನಲ್ಲಿ ಜನರ ಅರ್ಜಿ, ಅಫಿಡವಿಟ್ಟು ಬರೆದುಕೊಡುತ್ತಿದ್ದರು. ಕೀಲಿಗಳನ್ನು ಟೈಪ್‌ರೈಟರಿನವು ಎಂದುಕೊಂಡೇ ಕುಟ್ಟುತ್ತಿದ್ದರಿಂದ ಅವುಗಳ ಮೇಲಿನ ಅಕ್ಷರವೆಲ್ಲ ಅಳಿಸಿಹೋಗಿತ್ತು. ಎದುರಿಗಿದ್ದವನು ಏನೇ ಹೇಳಿದರೂ ಅವರದು ಒಂದೇ ಪ್ರಶ್ನೆ: “ಅದು ಹೌದಾ?”

ನನ್ನದು ನಂಜನಗೂಡು. ಊಟಿ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಕಳಲೆ, ದೇವನೂರು ಕಡೆಯ ರೈತರ ಪಂಪ್‌ಸೆಟ್ಟು ಸುಟ್ಟರೆ ನನ್ನ ಹತ್ತಿರ ತರುತ್ತಿದ್ದರು. ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದೆ. ನಾಲೆಯ ನೀರು ಕೊನೆಯ ಹೊಲಕ್ಕೆ ಎಷ್ಟು ತಲುಪುತ್ತದೆ ಎಂದು ಅಧ್ಯಯನ ಮಾಡಲು ಯುರೋಪಿನ ದಕ್ಷಿಣದ ಒಂದು ಸಣ್ಣ ದೇಶದಿಂದ ಒಬ್ಬಳು ಬಂದಿದ್ದಳು. ಅವಳು ನೀರು ಅಳೆಯುತ್ತಿದ್ದ ಹೊಲದ ಮೋಟಾರು ಸುಟ್ಟು ನನ್ನ ಅಂಗಡಿಗೆ ಬಂತು, ಹಿಂದೆಯೇ ಅವಳೂ ಬಂದಳು. ಮೋಟಾರು ಎರಡು ದಿನದಲ್ಲಿ ವಾಪಸು ಹೋಯಿತು. ಅವಳು ಆಮೇಲೂ ಬರುತ್ತಿದ್ದಳು. ಮುಂದಿನ ವರ್ಷ ಮದುವೆಯಾದೆವು. ಅವಳ ಅಧ್ಯಯನ ಮುಗಿದು ತನ್ನೂರಿನಲ್ಲೇ ಕೆಲಸ ಸಿಕ್ಕಿತು, ಹೊಟ್ಟೆಯಲ್ಲಿ ಮಗುವೂ ಇತ್ತು. ಅಲ್ಲಿಗೇ ಹೋಗುವುದೆಂದು ತೀರ್ಮಾನಿಸಿದೆವು.

ನಾನು ಹುಟ್ಟಿದ್ದು ಬನ್ನೂರಿನ ಪಕ್ಕದ ಅಜ್ಜಿಮನೆಯಲ್ಲಿ. ಜನನ ಪತ್ರಕ್ಕಾಗಿ ನರಸೀಪುರಕ್ಕೆ ಹೋದಾಗಲೇ ಮೇಷ್ಟ್ರು ಗಂಟುಬಿದ್ದದ್ದು. ಅದೊಂದು ಕಾಗದಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹೆಂಡತಿಗೆ ಆರು ತಿಂಗಳು ತುಂಬಿತು. ಇನ್ನು ತಡವಾದರೆ ವಿಮಾನ ಹತ್ತಿಸುವುದಿಲ್ಲವೆಂದು ಅವಳು ಹೊರಟಳು. “ಒಂದು ತಿಂಗಳೊಳಗೆ ಬಂದ್ಬಿಡ್ತೀನಿ” ಎಂದು ಅವಳ ಕೈ ಹಿಡಿದು ಹೇಳಿ ಕಳಿಸಿದೆ.

ಮೈಸೂರಿನ ವೀಸಾ ಏಜೆಂಟನೊಬ್ಬ ನನ್ನ ಕಾಗದಗಳ ನಕಲು ನೋಡಿ ತಲೆ ಅಡ್ಡಡ್ಡ ಆಡಿಸಿದ. “ಸ್ವಂತ ಉದ್ಯೋಗ ಅಂದ್ರೆ ಅವ್ರಿಗೆ ನಿರುದ್ಯೋಗ ಅಂತ್ಲೇ ಅರ್ಥ ಸಾರ್. ಯಾವ್ದಾದ್ರೂ ಕಂಪನಿ ಲೆಟರ್ ತನ್ನಿ” ಎಂದ. ಅಕ್ಕಿ ಗಿರಣಿ ಇಟ್ಟಿದ್ದ ಗೆಳೆಯನ ಹತ್ತಿರ ಹೋಗಿ, ಹತ್ತು ವರ್ಷದಿಂದ ನಾನು ಅಲ್ಲಿ ಮ್ಯಾನೇಜರು ಎಂದು ಬರೆಸಿ ಸೀಲು ಹಾಕಿಸಿಕೊಂಡೆ. ಅದರ ಜೊತೆಗಿಡುವ ಅಫಿಡವಿಟ್ಟಿಗೆ ಮೇಷ್ಟ್ರ ಬಳಿ ಬಂದೆ. ಬೇರೆ ಯಾರ ಹತ್ತಿರವಾದರೂ ಹೋಗಬಹುದಿತ್ತು. ಆದರೆ ಜನನ ಪತ್ರದ ಕೆಲಸಕ್ಕೆಂದು ಕೊಟ್ಟಿದ್ದ ನನ್ನ ಅಸಲು ಕಾಗದಗಳೆಲ್ಲ ಇನ್ನೂ ಅವರ ಬೀರುವಿನಲ್ಲೇ ಇದ್ದವು.

ಮೇಷ್ಟ್ರು ಪತ್ರವನ್ನು ಎರಡು ಸಲ ಓದಿದರು.

“ಕೈ ತೋರ್ಸು.”

ತೋರಿಸಿದೆ. ಉಗುರ ಸಂದಿಯಲ್ಲಿ ವಾರ್ನಿಷ್ ಕಪ್ಪು, ಬೆರಳ ತುದಿಯಲ್ಲೆಲ್ಲ ತಂತಿ ಕೊಯ್ದ ಗೆರೆ.

“ಇದು ಮ್ಯಾನೇಜರ್ ಕೈಯಾ? ಅದು ಹೌದಾ?”

“ಮೇಷ್ಟ್ರೇ, ಎಲ್ಲರೂ ಹಿಂಗೇ ಮಾಡೋದು.”

“ಎಲ್ಲರೂ ಅವರವರ ಟೈಪಿಸ್ಟ್ ಹತ್ರ ಮಾಡ್ಕಳ್ಳಿ. ನಾನು ಬರೆಯಲ್ಲ.”

“ಬರೆಯೋಕೆ ಏನು ಕಷ್ಟ ನಿಮಗೆ? ಸೈನ್ ಹಾಕೋನು ನಾನು.”

“ನೀನು ಅಲ್ಲಿಗೆ ಹೋಗಿ ಬದುಕೋನು ಕಣಯ್ಯ. ನಾಳೆ ಅಲ್ಲಿ ನಿನಗೇನು ಗೊತ್ತು ಅಂತ ಕೇಳಿದ್ರೆ, ಅಕ್ಕಿ ಗಿರಣಿ ಮ್ಯಾನೇಜರು ಅಂತೀಯಾ? ಅಲ್ಲಿ ಭತ್ತ ಬೆಳೀತಾರಾ?”

ಕಾಗದಗಳನ್ನು ಕೊಡಿ ಎಂದರೆ ಕೊಡಲಿಲ್ಲ. ಬೀರುವಿನ ಬೀಗದ ಕೈ ಜೇಬಿಗೆ ಹಾಕಿಕೊಂಡು ಊಟಕ್ಕೆ ಹೊರಟೇ ಹೋದರು. ಎರಡು ಬಸ್ಸು ಬದಲಿಸಿ ಬಂದಿದ್ದ ನಾನು ಬಾಗಿಲಲ್ಲಿ ಬೈದುಕೊಳ್ಳುತ್ತಾ ನಿಂತೆ. ಊಟ ಮುಗಿಸಿ ಬಂದವರ ಕೈಯಲ್ಲಿ ಒಂದು ಪಟ್ಟಿ ಇತ್ತು. ಅಂಗಡಿಯ ಲೈಸೆನ್ಸು, ಕರೆಂಟ್ ಬಿಲ್ಲು, ಬೋರ್ಡಿನ ಫೋಟೋ, ಮೋಟಾರು ಕಟ್ಟಿಸಿಕೊಂಡ ಐದು ಜನ ರೈತರ ಕೈಬರಹದ ಪತ್ರ.

ಲೈಸೆನ್ಸು ತೀರಿಹೋದ ನನ್ನ ಅಪ್ಪನ ಹೆಸರಿನಲ್ಲೇ ಇತ್ತು. ಅದು ನನ್ನ ಹೆಸರಿಗಾಗಬೇಕು ಎಂದರು.

“ಅಂಗಡೀನೇ ಬಿಟ್ಟು ಹೋಗ್ತಿದ್ದೀನಲ್ಲ ಮೇಷ್ಟ್ರೇ! ಲೈಸೆನ್ಸ್ ತಗೊಂಡು ಏನ್ ಮಾಡ್ಲಿ?”

“ಬಿಟ್ಟು ಹೋಗೋದಕ್ಕೂ ಮೊದಲು ಅದು ನಿನ್ನದಾಗ್ಬೇಕು ಕಣಯ್ಯ.”

ಆ ಹೆಸರು ಬದಲಾಗಲು ಆರು ವಾರ ಹಿಡಿಯಿತು. ಇವತ್ತು ಸಾಹೇಬರಿಲ್ಲ, ನಾಳೆ ಸರ್ವರ್ ಇಲ್ಲ, ನಾಡಿದ್ದು ನಾನು ತಂದ ಮರಣಪತ್ರದ ನಕಲಿಗೆ ಸಹಿ ಇಲ್ಲ. ಪತ್ರ ಕೇಳಲು ರೈತರ ಮನೆಗೆ ಅಲೆದೆ. ಕಳಲೆಯ ಯಜಮಾನರೊಬ್ಬರು ಪೆನ್ನು ಹಿಡಿದು ಬಹಳ ಹೊತ್ತು ಕೂತರು.

“ಅದ್ಯಾವ್ದೋ ದೇಸದೋರ್ಗೆ ನಾನೇನ್ ಬರ್ದು ಕೊಡ್ಲಪ್ಪ? ನೀನ್ ಕಟ್ಟಿದ್ ಮೋಟ್ರು ಆರೊರ್ಸದಿಂದ ಓಡ್ತಾ ಅದೆ. ಅಷ್ಟೇಯ.”

ಅಷ್ಟನ್ನೇ ಬರೆಸಿಕೊಂಡು ಬಂದೆ. ಮೇಷ್ಟ್ರು ಅದನ್ನು ಓದಿ ಮೊದಲ ಸಲ ನಕ್ಕರು. “ಇದು ಕಾಗದ” ಎಂದು ಪಕ್ಕಕ್ಕೆ ಇಟ್ಟುಕೊಂಡರು. ಅದನ್ನು ಇಂಗ್ಲಿಷಿಗೆ ಮಾಡಿ ನೋಟರಿಯ ಸೀಲು ಬಿದ್ದ ಮೇಲೆ ಒಂದು ಅಕ್ಷರ ತಪ್ಪಿದೆಯೆಂದು ಇಡೀ ಹಾಳೆ ಹರಿದರು. ಅದೂ ನೋಟರಿಯ ಆಫೀಸು ಮುಚ್ಚಲು ಕಾಲು ಗಂಟೆ ಇರುವಾಗ. ನಾನು ಮರುದಿನ ಮತ್ತೆ ಬಂದೆ.

ಅಂತೂ ಅರ್ಜಿ ಹೋಯಿತು. ದಿನಾ ಸಂಜೆ ಹೆಂಡತಿ ಫೋನಿನಲ್ಲಿ ಕೇಳುತ್ತಿದ್ದಳು. ಮೊದಮೊದಲು “ಎಂದು ಬರುತ್ತೀಯ?” ಎನ್ನುತ್ತಿದ್ದವಳು ಆಮೇಲಾಮೇಲೆ “ಬರುತ್ತೀಯಾ?” ಎನ್ನತೊಡಗಿದಳು. ಈ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ ನನ್ನ ನಿದ್ದೆ ಕೆಡಿಸಿತು. ಐದು ವಾರದ ನಂತರ ವೀಸಾ ಕಚೇರಿಯಿಂದ ಉತ್ತರ ಬಂತು. ಅರ್ಜಿದಾರನ ಉದ್ಯೋಗದ ಸ್ವರೂಪ ಸ್ಪಷ್ಟವಾಗಿಲ್ಲ, ವಿವರವಾಗಿ ತಿಳಿಸುವುದು. ಅದಾದ ಎರಡನೆಯ ದಿನ ನನ್ನ ಮಗಳು ಹುಟ್ಟಿದಳು. ಮಧ್ಯಾಹ್ನ ಅಂಗಡಿಯಲ್ಲಿ ಕೂತು, ಫೋನಿನ ಪರದೆಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಒಂದು ಕೆಂಪು ಮುಖ ನೋಡಿದೆ. ಹೆಂಡತಿ ನಕ್ಕಳು, ಆಮೇಲೆ ಅತ್ತಳು. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ನೆಟ್ಟಗೆ ನರಸೀಪುರದ ಬಸ್ಸು ಹತ್ತಿದೆ. ಕೋಣೆಯಲ್ಲಿ ಇಬ್ಬರು ಮೂವರು ಕೂತಿದ್ದರು, ನಾನು ನೋಡಲಿಲ್ಲ.

“ನನ್ನ ಮಗಳು ಹುಟ್ಟಿದ್ಳು ಮೇಷ್ಟ್ರೇ. ಅಲ್ಲಿ. ನಾನಿಲ್ಲಿ ಬಿದ್ದಿದ್ದೀನಿ. ನಿಮ್ಮ ಸತ್ಯದಿಂದ. ಆ ಗಿರಣಿ ಲೆಟರ್ ಇಟ್ಟಿದ್ರೆ ಇಷ್ಟೊತ್ತಿಗೆ ನಾನು ಅವಳ ಪಕ್ಕ ಇರ್ತಿದ್ದೆ. ನಿಮಗೇನು, ನಿಮಗೆ ಬರೀ ಕಾಗದ!”

ವೀಸಾ ಕಚೇರಿಯ ಪತ್ರವನ್ನು ಅವರ ಮೇಜಿನ ಮೇಲೆ ಎಸೆದೆ. ಮೇಷ್ಟ್ರು ಬಾಯಿಂದ ಕ್ಯಾಪು ತೆಗೆದು ಮೇಜಿನ ಮೇಲಿಟ್ಟರು. ಅವರ ಬಾಯನ್ನು ಬರಿದಾಗಿ ನೋಡಿದ್ದು ನಾನು ಅದೇ ಮೊದಲು. ತುಂಬ ವಯಸ್ಸಾದವರಂತೆ ಕಂಡರು.

“ತೂಕ ಎಷ್ಟಂತೆ?”

“ಮೂರು ಕೆಜಿ.”

“ಬಾಣಂತಿ ಚೆನ್ನಾಗಿದ್ದಾಳಾ?”

“ಹ್ಞೂಂ.”

“ಆ ಲೆಟರ್ ಇಟ್ಟಿದ್ರೆ ನೀನು ಹೋಗಿರ್ತಿದ್ಯೋ ಏನೋ. ನಾನು ಇಲ್ಲ ಅನ್ನಲ್ಲ. ತಪ್ಪಾಗಿದ್ರೆ ನನ್ನದೇ ಕಣಯ್ಯ.” ಆ ಪತ್ರವನ್ನು ಕೈಗೆ ತೆಗೆದುಕೊಂಡರು. “ನಾಳೆ ಅಂಗಡೀಲಿ ಇರು. ನಾನು ಬತ್ತೀನಿ.”

ನರಸೀಪುರ ಬಿಟ್ಟು ಎಲ್ಲಿಗೂ ಹೋಗದ ಮನುಷ್ಯ ಮರುದಿನ ನಾನು ಅಂಗಡಿಯ ಬಾಗಿಲು ಎತ್ತುವುದರೊಳಗೆ ಮೆಟ್ಟಿಲ ಮೇಲೆ ಕೂತಿದ್ದರು. ಕೊಡೆ, ಊಟದ ಡಬ್ಬಿ, ಒಂದು ನೋಟ್ ಪುಸ್ತಕ. ಸ್ಟೂಲು ಎಳೆದುಕೊಂಡು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತರು. ನಾನು ಒಂದು ಮೋಟಾರಿಗೆ ತಂತಿ ಸುತ್ತುತ್ತಿದ್ದೆ.

“ಎಷ್ಟು ಸುತ್ತು?”

“ನಲವತ್ತೆರಡು.”

“ನಲವತ್ಮೂರಾದ್ರೆ?”

“ಒಂದು ಹೆಚ್ಚಾದ್ರೆ ಅಂಥದ್ದೇನಾಗಲ್ಲ ಮೇಷ್ಟ್ರೇ.”

“ಮತ್ತೆ ನಲವತ್ತೆರಡೇ ಯಾಕೆ?”

ಉತ್ತರ ಹೇಳುವಷ್ಟರಲ್ಲಿ ಲೆಕ್ಕ ತಪ್ಪಿತು. ಎಲ್ಲ ಬಿಚ್ಚಿ ಮೊದಲಿಂದ ಸುತ್ತಿದೆ. ಅವರು ಮತ್ತೆ ಕೇಳಿದರು, ಮತ್ತೆ ತಪ್ಪಿತು. ಅಂದು ಮೂರು ಮೋಟಾರು ಮುಗಿಯಬೇಕಿತ್ತು, ಒಂದೂ ಮುಗಿಯಲಿಲ್ಲ. ದೇವನೂರಿನಿಂದ ಬಂದಿದ್ದ ರೈತನೊಬ್ಬ ಕಾದು ಕಾದು ಸಾಕಾಗಿ, “ಯಾರ್ಲಾ ಇವ್ರು, ಇನ್ಸ್‌ಪೆಟ್ರಾ?” ಎಂದು ನನ್ನ ಕಿವಿಯಲ್ಲಿ ಕೇಳಿದ. ಮೇಷ್ಟ್ರು ಅವನನ್ನೂ ಹಿಡಿದು ಕೂರಿಸಿಕೊಂಡು, ಅವನ ಮೋಟಾರು ಹೇಗೆ ಸುಟ್ಟಿತು, ಯಾಕೆ ಇಷ್ಟು ದೂರ ತಂದ ಎಂದೆಲ್ಲ ಬರೆದುಕೊಂಡರು.

ನಾಲ್ಕು ದಿನ ಬಿಟ್ಟು ನಾಲ್ಕು ಪುಟ ಸಿದ್ಧವಾದವು. ಓದಿ ಹೇಳಿದರು. ಮೊದಲ ವಾಕ್ಯ ಹೀಗಿತ್ತು: “ಸುಟ್ಟ ಮೋಟಾರು ಬಂದಾಗ ಈ ಕೆಲಸಗಾರನು ಅದನ್ನು ಬಿಚ್ಚುವ ಮೊದಲು ಮೂಸಿ ನೋಡುತ್ತಾನೆ.”

“ನಾನು ಮೂಸ್ತೀನಾ?” ಎಂದೆ.

“ಮೂರು ಸಲ ಮೂಸ್ದೆ. ಆ ರೈತನಿಗೆ, ಇದು ನೀರಿಲ್ದೆ ಓಡಿ ಸುಟ್ಟಿದ್ದು, ಕರೆಂಟಿಂದ ಅಲ್ಲ ಅಂದೆ. ಬಿಚ್ಚಿದಾಗ ಹಂಗೇ ಇತ್ತು. ನನ್ನ ಕಣ್ಣಿಂದ ನೋಡಿ ಬರ್ದಿದ್ದೀನಿ.”

ಹದಿನಾರು ವರ್ಷ ಮಾಡಿದ ಕೆಲಸ ಅದು. ಅದನ್ನು ಇನ್ನೊಬ್ಬರು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಮೂರು ವಾರಕ್ಕೆ ವೀಸಾ ಬಂತು. ಆ ನಾಲ್ಕು ಪುಟದಿಂದಲೇ ಬಂತೋ, ಗಿರಣಿಯ ಪತ್ರವಿದ್ದಿದ್ದರೆ ಇನ್ನೂ ಬೇಗ ಬರುತ್ತಿತ್ತೋ, ನನಗೆ ಇಂದಿಗೂ ಗೊತ್ತಿಲ್ಲ. ಅಂಗಡಿಯನ್ನು ನನ್ನ ಜೊತೆ ದುಡಿಯುತ್ತಿದ್ದವನಿಗೆ ಒಪ್ಪಿಸಿದೆ. ಮಗಳನ್ನು ಮೊದಲು ಎತ್ತಿಕೊಂಡಾಗ ಅವಳಿಗೆ ಐದು ವಾರ ತುಂಬಿತ್ತು. ನನ್ನ ಮುಖ ನೋಡಿ ಕಿರುಚಿ ಅತ್ತಳು. ಆ ಕ್ಷಣದಲ್ಲಿ ಮೇಷ್ಟ್ರನ್ನು ಮನಸಾರೆ ಶಪಿಸಿದೆ, ಸುಳ್ಳು ಹೇಳುವುದಿಲ್ಲ.

ಅಲ್ಲಿ ಮೊದಲ ಚಳಿಗಾಲ ಕೆಲಸವಿಲ್ಲದೆ ಕಳೆಯಿತು. ಭಾಷೆ ಬಾರದು. ಮಗಳನ್ನು ಆಡಿಸುತ್ತಾ ಮನೆಯಲ್ಲೇ ಇದ್ದೆ. ಊರಾಚೆ ಆಲಿವ್ ತೋಟಗಳ ಪಂಪು ರಿಪೇರಿ ಮಾಡುವ ಒಬ್ಬ ಮುದುಕನಿದ್ದ. ಹೆಂಡತಿ ಮೇಷ್ಟ್ರ ನಾಲ್ಕು ಪುಟಗಳನ್ನು ತನ್ನ ಭಾಷೆಗೆ ಮಾಡಿ ನನ್ನನ್ನು ಅವನ ಹತ್ತಿರ ಕರೆದೊಯ್ದಳು. ಮುದುಕ ನಿಂತುಕೊಂಡೇ ಓದಿದ. ಮೊದಲ ವಾಕ್ಯಕ್ಕೆ ನಕ್ಕ. ಮೂಲೆಯಲ್ಲಿದ್ದ ಒಂದು ಸುಟ್ಟ ಮೋಟಾರನ್ನು ಎತ್ತಿ ತಂದು ನನ್ನ ಮೂಗಿನ ಮುಂದೆ ಹಿಡಿದ. ಮೂಸಿದೆ. “ಬೇರಿಂಗ್ ಹಿಡಿದುಕೊಂಡಿದೆ” ಎಂದು ಬೆರಳು ತಿರುಗಿಸಿ ತೋರಿಸಿದೆ. ಮರುದಿನದಿಂದ ಬಾ ಎಂದ.

ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಶಹಬ್ಬಾಸ್ ಎಂದಾರು ಎಂದುಕೊಂಡಿದ್ದೆ.

“ಕೂಲಿಗಾ?” ಎಂದರು.

“ಸದ್ಯಕ್ಕೆ ಹೌದು ಮೇಷ್ಟ್ರೇ.”

“ಸ್ವಂತ ಉದ್ಯೋಗ ಅಂತ ನಾನು ನಾಲ್ಕು ಪುಟ ಬರ್ದಿದ್ದು ಅಲ್ಲಿ ಹೋಗಿ ಕೂಲಿ ಮಾಡ್ಲಿ ಅಂತಲಾ?” ಎಂದು ಫೋನ್ ಇಟ್ಟರು. ಆ ದಿನವೆಲ್ಲ ನನ್ನ ಮೈ ಉರಿಯುತ್ತಿತ್ತು. ಆಮೇಲೆ ಒಂದೂವರೆ ವರ್ಷ ನಾನು ಅವರಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಸ್ವಂತ ಅಂಗಡಿಯ ಸುದ್ದಿಯೊಂದಿಗೇ ಮಾಡುವುದು ಎಂದು ಹಟ ಹಿಡಿದೆ. ಅಲ್ಲಿಯ ಪುರಸಭೆಯಲ್ಲಿ ಅಂಗಡಿಗೆ ಅರ್ಜಿ ಹಾಕಿದಾಗ, ಎಷ್ಟು ವರ್ಷದಿಂದ ಈ ಕಸುಬು, ಯಾರ ಹೆಸರಿನಲ್ಲಿ ಅಂಗಡಿಯಿತ್ತು ಎಂದು ದಾಖಲೆ ಕೇಳಿದರು. ನನ್ನ ಹೆಸರಿನ ನಂಜನಗೂಡಿನ ಲೈಸೆನ್ಸು ತೆಗೆದು ಕೊಟ್ಟೆ. ಗುಮಾಸ್ತೆ ಸೀಲು ಹೊಡೆದಳು.

ಹೊಸ ಅಂಗಡಿಯ ಬಾಗಿಲು ತೆರೆದ ದಿನ ಮಧ್ಯಾಹ್ನ ಫೋನ್ ಮಾಡಿದೆ. ಮೇಷ್ಟ್ರ ಹೆಂಡತಿ ಎತ್ತಿಕೊಂಡರು. ಅವರನ್ನು ನಾನು ಒಂದೆರಡು ಸಲ ಕಂಡಿದ್ದೆ ಅಷ್ಟೇ.

“ಅವ್ರು ಓಗಿ ಅನ್ನೆರಡು ದಿನ ಆಯ್ತು ಕಣಪ್ಪ. ನಿನ್ ನಂಬರ್ ನಮ್ಗೆ ಸಿಗ್ನಿಲ್ಲ” ಎಂದರು.

ಇಂಥ ಹೊತ್ತು ನೋಡಿಕೊಂಡೇ ತೀರಿಹೋಗಿದ್ದರು. ಇನ್ನು ಹನ್ನೆರಡು ದಿನ ಕಾಯಲಾಗಲಿಲ್ಲವೇ ಎಂದು ದುಃಖಕ್ಕಿಂತ ಮೊದಲು ಸಿಟ್ಟೇ ಬಂತು.

“ಏನೋ ಯೋಳಕೆ ಮಾಡಿದ್ಯಲ್ಲಪ್ಪ?”

“ಏನಿಲ್ಲಮ್ಮ. ಇವತ್ತು ಇಲ್ಲಿ ಸ್ವಂತ ಅಂಗಡಿ ತೆಗೆದೆ. ಅದನ್ನೇ ಹೇಳೋಣ ಅಂತ.”

“ಇರಪ್ಪ, ಅವ್ರ್ ಫೋಟೋ ತಾವ ಫೋನ್ ಇಡಿತೀನಿ. ನೀನೇ ಯೋಳು.”

ಎದುರಿಗೆ ಹೊಸ ಗಿರಾಕಿ ಕಾಯುತ್ತಿದ್ದ. ನಾನು ಕನ್ನಡದಲ್ಲಿ, ಯಾವುದೋ ಗೋಡೆಯ ಮೇಲಿನ ಫೋಟೋಗೆ, ಅಂಗಡಿಯ ಹೆಸರು ಹೇಳಿದೆ, ಬೀದಿಯ ಹೆಸರು ಹೇಳಿದೆ, ಲೈಸೆನ್ಸು ನನ್ನದೇ ಹೆಸರಿನಲ್ಲಿದೆ ಎಂದೆ. ಧನ್ಯವಾದ ಹೇಳಬೇಕೆಂದು ಬಾಯಿ ತೆರೆದರೆ ಬಂದ ಮಾತೇ ಬೇರೆ.

“ನಿಮ್ಮಷ್ಟು ನನ್ನ ತಲೆ ತಿಂದವರು ಈ ಭೂಮಿ ಮೇಲೆ ಇನ್ನೊಬ್ಬರಿಲ್ಲ ಮೇಷ್ಟ್ರೇ.”

ಆ ಕಡೆಯಿಂದ ಒಂದು ಸಣ್ಣ ನಗೆ ಕೇಳಿಸಿತು. ಆಮೇಲೆ ಮೂಗು ಒರೆಸಿಕೊಂಡ ಸದ್ದು.

“ನನ್ಗೂ ಅಂಗೇ ಕಣಪ್ಪ,” ಎಂದರು ಆ ತಾಯಿ. “ನಲ್ವತ್ತೊರ್ಸ.”