ನಾನು ತಪ್ಪೆಂದ ಉತ್ತರ

ಸಿಂದಗಿಯ ಪಿಯು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಇಂಡಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಮರಳುತ್ತಿದ್ದೆ. ಮೊದಲ ಪಿಯುಸಿಯಲ್ಲಿ ಮೋರಟಗಿಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಯಾವಾಗಲೂ ಮೊದಲ ಬೆಂಚು. ನಾನು ಮಾತಾಡುವಾಗ ಕಣ್ಣು ಕದಲಿಸದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಪಾಠದ ಮೇಲಿನ ಆಸಕ್ತಿ ಎಂದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ.

ಆಗ ಪರಮಾಣು ರಚನೆಯ ಪಾಠ ನಡೆದಿತ್ತು. ಇಲೆಕ್ಟ್ರಾನಿನ ನೆಲೆ ಹೇಳಲು ನಾಲ್ಕು ಕ್ವಾಂಟಂ ಸಂಖ್ಯೆಗಳು ಬೇಕು. ಮೊದಲನೆಯದು ಎನ್, ಅದು ಯಾವ ಕವಚದಲ್ಲಿದೆ ಎಂದು ತಿಳಿಸುತ್ತದೆ. ಎರಡನೆಯದು ಎಲ್, ಅದು ಸುಳಿದಾಡುವ ಜಾಗದ ಆಕಾರ. ಎಲ್ ಸೊನ್ನೆಯಿಂದ ಶುರುವಾಗುತ್ತದೆ, ಎಂದೂ ಎನ್‌ಗಿಂತ ಚಿಕ್ಕದೇ. ಇಷ್ಟನ್ನು ಒಂದು ವಾರ ಹೇಳಿದ್ದೆ, ಬಹುಪಾಲು ಬೋರ್ಡಿಗೆ ಮುಖ ಮಾಡಿ ಬರೆಯುತ್ತಲೇ.

ಆ ದಿನ ಪ್ರಾಂಶುಪಾಲರು ನನ್ನ ಪಾಠ ನೋಡಲು ಬಂದು ಹಿಂದೆ ಕೂತಿದ್ದರು. ಮುಂದಿನ ವರ್ಷ ನನ್ನನ್ನು ಕರೆಯುವುದು ಬಿಡುವುದು ಅವರ ಕೈಯಲ್ಲಿತ್ತು. ಹೇಳಿಯೇ ಹೇಳುತ್ತಾಳೆಂಬ ಧೈರ್ಯದಿಂದ ಆ ಹುಡುಗಿಯನ್ನೇ ಎಬ್ಬಿಸಿ ಕೇಳಿದೆ, "ಎನ್ ಎರಡಿದ್ದರ ಎಲ್ ಎಷ್ಟಿರಬಹುದು?"

"ಮೂರ್ರಿ ಮಿಸ್. ಮೂರು, ನಾಕು, ಐದು, ಮೂರರಿಂದ ಮ್ಯಾಲ ಯಾವುದಾದ್ರೂ ಆಗಬಹುದ್ರಿ."

ಸೊನ್ನೆ ಅಥವಾ ಒಂದು ಎನ್ನಬೇಕಿತ್ತು. "ಇನ್ನೊಮ್ಮೆ ವಿಚಾರ ಮಾಡು" ಎಂದು ಬೋರ್ಡಿನ ಕಡೆ ತಿರುಗಿ ಹೇಳಿದೆ. ಅವಳು ಸುಮ್ಮನೆ ನಿಂತಳು. ಹಿಂದೆ ಕೂತವರ ಎದುರು ನನಗೆ ಮಾನ ಹೋದಂತಾಯಿತು.

"ದಿನಾ ನನ್ನ ಮಾರಿ ನೋಡ್ಕೋತ ಕುಂದರ್ತೀಯಲ್ಲ, ತಲ್ಯಾಗ ಏನ್ ತುಂಬೇತಿ?" ಎಂದೆ. ಇಡೀ ತರಗತಿ ನಕ್ಕಿತು.

ಮರುದಿನದಿಂದ ಅವಳು ಬರಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಮೋರಟಗಿಯ ಬಸ್ಸಿನಲ್ಲೇ ಬರುವ ಅವಳ ಗೆಳತಿಯನ್ನು ವಿಚಾರಿಸಿದೆ.

"ಆಕಿಗೆ ಕಿವಿ ಕೇಳಂಗಿಲ್ರಿ. ತುಟಿ ನೋಡಿ ತಿಳ್ಕೋತಾಳ್ರಿ. ನನಗಷ್ಟ ಹೇಳ್ಯಾಳ್ರಿ ಮಿಸ್."

ಭಾನುವಾರ ಮೋರಟಗಿಗೆ ಹೋದೆ. ಅವಳ ತಾಯಿ ಜೋಳ ಹಸನು ಮಾಡುತ್ತಿದ್ದರು. ಎರಡು ವರ್ಷದ ಹಿಂದೆ ಬಂದ ಜ್ವರದ ನಂತರ ಕಿವಿ ಮಂದವಾಗುತ್ತ ಬಂದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದರು. "ಯಾರ ಮುಂದೂ ಹೇಳಬ್ಯಾಡ ಅಂತ ನಾವ ಅಂದಿದ್ವಿರಿ. ನಾಳಿ ಆಕಿಗೆ ಗಂಡು ಸಿಗಬೇಕಲ್ರಿ."

ಹುಡುಗಿ ಒಳಗಿನಿಂದ ಬಂದು ನನ್ನೆದುರು ಕೂತಳು. ನಾನು ನಿಧಾನವಾಗಿ, ಬಾಯಿ ದೊಡ್ಡದು ಮಾಡಿ, ಅಂದಿನ ಪ್ರಶ್ನೆಯನ್ನೇ ಮತ್ತೆ ಕೇಳಿದೆ.

"ಎನ್, ಎಲ್ ಎರಡೂ ಬಾಯಾಗ ಒಂದ ನಮೂನಿ ಕಾಣ್ತಾವ್ರಿ ಮಿಸ್," ಎಂದಳು. "ಎಲ್ ಎರಡಿದ್ದರ ಎನ್ ಎಷ್ಟು ಅಂತ ಕೇಳಿದ್ರಿ ಅನ್ಕೊಂಡೆ."

ಎಲ್ ಎರಡಾದರೆ ಎನ್ ಮೂರು, ಅಥವಾ ಅದಕ್ಕಿಂತ ದೊಡ್ಡದು. ತರಗತಿಯಲ್ಲಿ ಇನ್ನಾರಾದರೂ ಆ ಪ್ರಶ್ನೆಯನ್ನು ಹಾಗೆ ತಿರುಗಿಸಿ ಉತ್ತರಿಸಬಲ್ಲರೆಂದು ನನಗೆ ಅನ್ನಿಸುವುದಿಲ್ಲ. ಅವಳ ಕೈ ಹಿಡಿದುಕೊಂಡು ತಪ್ಪಾಯಿತು ಎಂದೆ. ಇನ್ನು ಮೇಲೆ ನಿನ್ನ ಕಡೆ ತಿರುಗಿಯೇ ಕಲಿಸುತ್ತೇನೆ, ಎಲ್ಲವನ್ನೂ ಬರೆದು ಕೊಡುತ್ತೇನೆ, ನಾಳೆಯೇ ಬಾ ಎಂದು ಬೇಡಿಕೊಂಡೆ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಅವರು ನಕ್ಕಿದ್ದು ನನಗ ಕೇಳಸಲಿಲ್ರಿ. ಕಾಣ್ತು. ನೀವೂ ನಕ್ರಿ."

ನಾನು ನಕ್ಕಿದ್ದು ನನಗೆ ನೆನಪಿರಲಿಲ್ಲ. ತಾಯಿ ಚಹಾ ತಂದಿಟ್ಟರು. ಕುಡಿದು ಬಸ್ಸಿಗೆ ಹೊರಟೆ.

ಸೋಮವಾರ ಪ್ರಾಂಶುಪಾಲರಿಗೆ ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯವರೇ. ಹಾಜರಾತಿಯ ಚಿಂತೆ ಬೇಡ, ಕರೆತನ್ನಿ ಎಂದರು. ಆದರೆ ಗುರುವಾರ ಅವಳ ತಂದೆ ಬಂದು ವರ್ಗಾವಣೆ ಪತ್ರ ಕೇಳಿದರು. ಎಷ್ಟು ಹೇಳಿದರೂ ಅವರದು ಒಂದೇ ಮಾತು: "ಸಾಲಿ ಸಾಕ್ರಿ. ನೀವು ಕಾಲೇಜಿನ್ಯಾಗ ಹೇಳಿದ್ದು ಈಗ ಊರಿಗೆಲ್ಲ ಗೊತ್ತಾಗೇತಿ." ಕಾರಣದ ಜಾಗದಲ್ಲಿ ಗುಮಾಸ್ತರು 'ಮನೆಗೆಲಸ' ಎಂದು ಬರೆದರು. ತಂದೆ ಪತ್ರವನ್ನು ಮಡಚಿ ಅಂಗಿಯ ಜೇಬಿಗಿಟ್ಟು, ನನಗೂ ಕೈ ಮುಗಿದು, ಬಸ್ ನಿಲ್ದಾಣದ ಕಡೆ ನಡೆದರು.